ಹನ್ನೆರಡು ಬೆಣಚುಕಲ್ಲು

ಬಹಳ ಹಿಂದೆ, ಗುಡ್ಡಕ್ಕಿನ್ನೂ ತಲೆಯಿದ್ದ ಕಾಲದಲ್ಲಿ, ಕಡಲಿಗೆ ಹತ್ತಿರದ ಒಂದೂರಿನಲ್ಲಿ ತನಿಯ ಅಂತ ಒಬ್ಬನಿದ್ದನಂತೆ. ಅವನ ಹೆಂಡತಿ ಮಾಂಕು. ಈಗ ವಿಮಾನ ಇಳಿಯುವ ಜಾಗ ಉಂಟಲ್ಲ, ಕೇಳಿ ಮಕ್ಕಳೇ, ಆಗ ಅದು ಬರೀ ಕೆಂಪುಕಲ್ಲಿನ ಬೋಳುಗುಡ್ಡ. ಮೇಲೆ ಒಂದು ಹನಿ ನೀರಿಲ್ಲ. ನೀರೆಲ್ಲ ಗುಡ್ಡದ ಹೊಟ್ಟೆಯೊಳಗೆ.

ಆ ನೀರನ್ನು ಹೊರಗೆ ಕರೆಯುವ ವಿದ್ಯೆ ತನಿಯನಿಗೆ ಗೊತ್ತಿತ್ತು. ಬಾವಿ ಕೆಳಕ್ಕೆ ಇಳಿದರೆ ಅವನ ಸುರಂಗ ಅಡ್ಡಕ್ಕೆ ಹೋಗುತ್ತಿತ್ತು. ಗುಡ್ಡದ ಪಕ್ಕೆಯಲ್ಲಿ ಒಬ್ಬ ಬಗ್ಗಿ ನಡೆಯುವಷ್ಟು ಕೊರೆದು, ಕಲ್ಲಿಗೆ ಕಿವಿಯಿಟ್ಟು ಕೇಳುತ್ತಾ ಕೇಳುತ್ತಾ ಒಳಗೆ ಹೋಗಿ, ಒಂದು ದಿನ ನೀರನ್ನು ಮುಟ್ಟುತ್ತಿದ್ದ. ಅವನ ಪಿಕ್ಕಾಸಿನ ಪೆಟ್ಟಿಗೆ ಗುಡ್ಡವೇ ಬೆವರುತ್ತಿತ್ತು ಅಂತ ಹೇಳುತ್ತಾರೆ. ಹಿಂದಿನವರು ಏಳು ಸುರಂಗ ಅನ್ನುತ್ತಿದ್ದರು, ಈಗಿನವರ ಬಾಯಲ್ಲಿ ಹನ್ನೆರಡಾಗಿದೆ. ಇರಲಿ, ಸತ್ತವನಿಗೆ ಐದು ಹೆಚ್ಚು ಕೊಟ್ಟರೆ ನಮ್ಮ ಗಂಟೇನು ಹೋಯಿತು?

ಸುರಂಗದ ಕೆಲಸಕ್ಕೆ ಎರಡು ಕಟ್ಟಳೆ. ಒಳಗಿದ್ದವನು ಆಗಾಗ ಗೋಡೆಗೆ ಮೂರು ಪೆಟ್ಟು ಬಡಿಯಬೇಕು, ಹೊರಗೆ ಸುರಂಗದ ಬಾಯಲ್ಲಿ ಕೂತವರು ತೆಂಗಿನ ಗೆರಟೆಯಿಂದ ಮೂರು ಪೆಟ್ಟು ತಿರುಗಿ ಬಡಿಯಬೇಕು. ನಾನಿದ್ದೇನೆ, ನೀನಿದ್ದೀಯಾ? ಅಷ್ಟೇ ಅದರ ಅರ್ಥ. ಇನ್ನೊಂದು, ನೀರು ಸಿಕ್ಕಿದ ಮೇಲೆ ಆ ಸುರಂಗದ ನೇರಕ್ಕೆ ಗುಡ್ಡದ ತಲೆಯಲ್ಲಿ ಒಂದು ಬಿಳಿ ಬೆಣಚುಕಲ್ಲು ಇಡಬೇಕು. ಕೆಳಗೆ ನೀರಿದೆ, ಇಲ್ಲಿ ಅಗೆಯಬೇಡ ಎಂದು. ಕಲ್ಲು ಕಡಿಯುವವರೂ ಅದನ್ನು ಕಂಡರೆ ಕೈಮುಗಿದು ಆಚೆ ಸರಿಯುತ್ತಿದ್ದರಂತೆ. ಗೆರಟೆ ಹಿಡಿದು ಕೂರುವುದೂ ಮಾಂಕುವೇ, ಹೊಳೆಯಿಂದ ಕಲ್ಲು ಹೊರುವುದೂ ಮಾಂಕುವೇ.

ಆ ಗುಡ್ಡದ ಒಂದು ಮೂಲೆಗೆ ಮೊದಲು ಬಂದದ್ದು ಒಂದು ಪುಟ್ಟ ವಿಮಾನ. ತಗಡಿನ ಒಂದು ಮಾಡು, ಗಾಳಿಯ ದಿಕ್ಕು ನೋಡಲು ಕಂಬಕ್ಕೆ ಕಟ್ಟಿದ ಬಟ್ಟೆಚೀಲ, ಗಂಟುಮೂಟೆಯ ಜೊತೆ ಮನುಷ್ಯರನ್ನೂ ತೂಗುವ ಒಂದು ತಕ್ಕಡಿ. ನಿಲ್ದಾಣ ಅಂದರೆ ಅಷ್ಟೇ ಅಂತೆ. ತಕ್ಕಡಿ ಹತ್ತಿದ ಸಾಹುಕಾರರ ತೂಕ ಕೇಳಿ ಊರವರು ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದರು. ಆಮೇಲೆ ಕಡಲಾಚೆಗೆ ದುಡಿಯಲು ಹೋಗುವವರು ಹೆಚ್ಚಾದರು. ಕಡಲು ದಾಟುವ ದೊಡ್ಡ ವಿಮಾನಕ್ಕೆ ಉದ್ದದ ದಾರಿ ಬೇಕು, ಆ ದಾರಿಗೆ ಗುಡ್ಡದ ತಲೆ ಇಡೀ ಬೇಕು.

ಅಳತೆಗೆ ಬಂದ ಇಂಜಿನಿಯರನಿಗೆ ಒಂದೇ ಹೆದರಿಕೆ. ಗುಡ್ಡ ಒಳಗೆ ಟೊಳ್ಳಿದ್ದರೆ? ಅಷ್ಟು ಭಾರ ಇಳಿದಾಗ ಕುಸಿದರೆ? ಅವನು ತನಿಯನನ್ನು ಕರೆಸಿ, ಕುರ್ಚಿ ಕೊಟ್ಟು, ಚಹಾ ಕೊಟ್ಟು, ಸುರಂಗಗಳು ಎಲ್ಲೆಲ್ಲಿವೆ ಎಂದು ಕೇಳಿದನಂತೆ. ಆ ಕುರ್ಚಿಯೇ ಕೆಡಿಸಿತು ಅನ್ನುತ್ತಾರೆ.

“ಇಷ್ಟು ವರ್ಷದಲ್ಲಿ ಯಾರಾದ್ರೂ ನನ್ನನ್ನು ಕೂರಿಸಿ ಕೇಳಿದ್ದುಂಟಾ ಮಾರಾಯ್ತಿ?” ಎಂದ ತನಿಯ ಮನೆಗೆ ಬಂದು. “ಹಳೇ ಕಲ್ಲೆಲ್ಲ ಹುಲ್ಲಲ್ಲಿ ಮುಚ್ಚಿ ಹೋಗಿದೆ. ನಾಳೆ ಹೊಸತು ಇಡುವ. ಅಷ್ಟು ಜಾಗ ಬಿಟ್ಟು ದಾರಿ ಮಾಡ್ತಾರೆ.”

“ನಮ್ಮ ಕಲ್ಲಿನ ಅರ್ಥ ಅವರಿಗೆ ಗೊತ್ತುಂಟಾ? ನೀವು ಹೇಳಿದ್ರಾ?”

“ಅದನ್ನೂ ಹೇಳಬೇಕಾ? ಬೆಣಚುಕಲ್ಲು ಕಂಡ್ರೆ ದನಕ್ಕೂ ಗೊತ್ತಾಗ್ತದೆ.”

ಮಾಂಕುವಿಗೆ ಮನಸ್ಸು ಒಪ್ಪಲಿಲ್ಲ. ಆದರೆ ಗಂಡನ ಮುಖದಲ್ಲಿ ಅಷ್ಟು ಖುಷಿಯನ್ನು ಅವಳು ಮದುವೆಯ ದಿನವೂ ಕಂಡಿರಲಿಲ್ಲ. ಮರುದಿನ ಹನ್ನೆರಡು ಸಲ ಹೊಳೆಗಿಳಿದು ಹನ್ನೆರಡು ಕಲ್ಲು ಹೊತ್ತಳು. ಮುಂದೆ ಅವನು ಬರಿಗಾಲಲ್ಲಿ ನೆಲ ಮುಟ್ಟಿ ನೋಡುತ್ತಾ ‘ಇಲ್ಲಿ’ ಅನ್ನುವುದು, ಹಿಂದೆ ಅವಳು ಇಡುವುದು. ಸಂಜೆಗೆ ಗುಡ್ಡದ ತುಂಬ ಬೆಳ್ಳಗೆ ಕಾಣುತ್ತಿತ್ತು.

ಇಂಜಿನಿಯರ್ ಕೆಟ್ಟವನಲ್ಲ. ಅವನಿಗೆ ಬೇಕಾದದ್ದು ಗುರುತು, ಸಿಕ್ಕಿತು. ನಾಲ್ಕನೆಯ ದಿನ ಅವನ ಆಳುಗಳು ಒಂದೊಂದು ಕಲ್ಲನ್ನೂ ಎತ್ತಿ ಬದಿಗಿಟ್ಟು, ಸರಿಯಾಗಿ ಅದರಡಿಯಲ್ಲೇ ತೂತು ಕೊರೆದು, ಒಳಗಿನ ಟೊಳ್ಳಿಗೆ ಕಾಂಕ್ರೀಟು ಸುರಿದರು.

ಕೆಳಗೆ ಮಾಂಕು ಕೊಡ ಹಿಡಿದು ಹೋದಾಗ ನೀರು ಹಾಲಿನ ಹಾಗೆ ಬರುತ್ತಿತ್ತಂತೆ. ಮಧ್ಯಾಹ್ನಕ್ಕೆ ಅದೂ ನಿಂತಿತು. ಹನ್ನೆರಡರಲ್ಲಿ ಹನ್ನೆರಡೂ ನಿಂತವು. ಊರವರು ತನಿಯನಿಗೆ ಬೈಯಲಿಲ್ಲ. ಬೈದಿದ್ದರೆ ಅವನು ಉಳಿಯುತ್ತಿದ್ದನೋ ಏನೋ. ಅವನು ಪಿಕ್ಕಾಸು ಹೆಗಲಿಗೇರಿಸಿ ಎಲ್ಲಕ್ಕಿಂತ ಉದ್ದದ ಸುರಂಗಕ್ಕೆ ನುಗ್ಗಿದ. ಮಾಂಕು ಅದರ ಬಾಯಲ್ಲಿ ಕೂತಳು.

ಮೂರು ಪೆಟ್ಟು ಬಂತು. ತಿರುಗಿ ಬಡಿದಳು. ಮತ್ತೆ ಮೂರು ಬಂತು. ಮತ್ತೆ ಬಡಿದಳು. ಅಷ್ಟರಲ್ಲಿ ಮೇಲೆ ನೆಲ ಗಟ್ಟಿಸುವ ಯಂತ್ರ ಓಡತೊಡಗಿತು. ಇಡೀ ಗುಡ್ಡ ಧಂ ಧಂ ಅನ್ನುತ್ತಿತ್ತು. ಅವನದ್ದು ಯಾವುದು, ಯಂತ್ರದ್ದು ಯಾವುದು? ಒಂದಾದರೂ ಅವನದ್ದಾಗಿದ್ದರೆ ಎಂದು ಅವಳು ಪ್ರತಿಯೊಂದಕ್ಕೂ ಉತ್ತರ ಬಡಿದಳು. ಒಂದು ಗೆರಟೆ ಒಡೆಯಿತು, ಇನ್ನೊಂದು ತೆಗೆದುಕೊಂಡಳು. ಹಗ್ಗ ಕಟ್ಟಿಕೊಂಡು ಒಳಗೆ ಹೋದ ಊರಿನ ಗಂಡಸರು, ನಲವತ್ತು ಹೆಜ್ಜೆಯಾಚೆ ಸುರಂಗದ ಮಾಡು ಕುಸಿದು ದಾರಿ ಮುಚ್ಚಿದ್ದನ್ನು ಕಂಡು ತಲೆ ತಗ್ಗಿಸಿ ಹೊರಗೆ ಬಂದರು. ಆಗಲೂ ಅವಳು ಬಡಿಯುತ್ತಲೇ ಇದ್ದಳಂತೆ.

ತನಿಯ ಇನ್ನೂ ಒಳಗೆ ಅಗೆಯುತ್ತಿದ್ದಾನೆ, ಒಂದು ದಿನ ನೀರು ತಂದೇ ತರುತ್ತಾನೆ ಎಂದು ಜನ ಅವಳಿಗೆ ಸಮಾಧಾನ ಹೇಳುತ್ತಿದ್ದರು. ಮಾಂಕು ನಂಬಲಿಲ್ಲ. “ಯಾರೂ ಅಗೀತಾ ಇಲ್ಲ. ಕಲ್ಲು ಹೊತ್ತದ್ದು ನಾನು,” ಅನ್ನುತ್ತಿದ್ದಳು. ಬೇರೆ ಮಾತೇ ಇರಲಿಲ್ಲ ಅವಳಿಗೆ.

ಮೇಲೆ ನಿಲ್ದಾಣ ಬೆಳೆಯಿತು. ಗಾಜಿನ ಗೋಡೆ ಬಂತು, ತಾನೇ ಹತ್ತುವ ಮೆಟ್ಟಿಲು ಬಂತು, ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಸಾಲು, ಅತ್ತರಿನ ಅಂಗಡಿ, ಪ್ರಾರ್ಥನೆಗೊಂದು ಕೋಣೆ, ಎಲ್ಲ ಬಂತು. ಮುದುಕಿಯಾದ ಮೇಲೆ ಒಮ್ಮೆ ಮಾಂಕು ನೆರೆಮನೆಯವಳನ್ನು ಬೀಳ್ಕೊಡಲು ಚೀಟಿ ತೆಗೆದು ಒಳಗೆ ಹೋಗಿದ್ದಳಂತೆ. ಅಲ್ಲಿ ಕೈಯೊಡ್ಡಿದರೆ ನೀರು ಸುರಿಯುವ ನಲ್ಲಿ. ಒಡ್ಡಿದಳು, ಬಂತು. ಕೈ ತೆಗೆದಳು, ನಿಂತಿತು. ಆ ನಿಂತದ್ದನ್ನು ನೋಡಿ ಅಲ್ಲೇ ಕುಸಿದು ಕೂತು, ಗೋಡೆಗೆ ಮೂರು ಪೆಟ್ಟು ಬಡಿದು, ಕಿವಿಯಿಟ್ಟು, ಗೋಳೋ ಎಂದು ಅತ್ತಳಂತೆ. ಕಾವಲಿನವರು ಮೆಲ್ಲಗೆ ಎಬ್ಬಿಸಿ ಹೊರಗೆ ಬಿಟ್ಟರು.

ವಿಮಾನದ ದಾರಿಯ ತುದಿಯಲ್ಲಿ ಹನ್ನೆರಡು ಬಿಳಿ ಪಟ್ಟೆಗಳಿವೆ. ಅವೇ ತನಿಯನ ಕಲ್ಲುಗಳು ಅನ್ನುವವರಿದ್ದಾರೆ. ಬೇರೆ ನಿಲ್ದಾಣಗಳಲ್ಲೂ ಹಾಗೇ ಬಳಿದಿರುತ್ತಾರೆ ಅಂತ ಹೋಗಿ ಬಂದವರು ಹೇಳುತ್ತಾರೆ. ಇರಬಹುದು.

ಆದರೆ ಆ ಊರಲ್ಲಿ ಇಂದಿಗೂ ಯಾರೂ ಯಾವುದಕ್ಕೂ ಬಿಳಿಕಲ್ಲು ಇಡುವುದಿಲ್ಲ, ಗಡಿಗೂ ಇಡುವುದಿಲ್ಲ, ಗೋರಿಗೂ ಇಡುವುದಿಲ್ಲ. ನೀರು ಈಗ ಟ್ಯಾಂಕರಿನಲ್ಲಿ ಬರುತ್ತದೆ. ಹೆಂಗಸರು ಮೊದಲ ಕೊಡ ಹಿಡಿಯುವ ಮುಂಚೆ ಅದರ ಕಂಠಕ್ಕೆ ಬೆರಳಿನಿಂದ ಮೂರು ಪೆಟ್ಟು ಬಡಿದು ಕಿವಿಗೊಟ್ಟು ನಿಲ್ಲುತ್ತಾರೆ. ಆ ಹೊತ್ತಿಗೇ ತಲೆಯ ಮೇಲೆ ವಿಮಾನ ಹೋದರೆ, ಕೇಳಿಸದೆ ಹೋಗಿರಬಹುದು ಎಂದು, ಇನ್ನೊಮ್ಮೆ ಬಡಿಯುತ್ತಾರೆ.