ಹೊಂಗೆ ಎಣ್ಣೆಯ ದೋಣಿ

ಹೊಳೆಯ ದಡದ ಮಠವೊಂದರಲ್ಲಿ ಚೆನ್ನವೀರ ಎಂಬ ಶಿಷ್ಯನಿದ್ದ. ಮಠದ ಡೀಸೆಲ್ ದೋಣಿಯಲ್ಲಿ ಜನರನ್ನು ಆಚೆ ದಡಕ್ಕೆ ದಾಟಿಸುವುದು ಅವನ ಸೇವೆ. ದೋಣಿ ಎಷ್ಟು ಬೇಗ ಓಡುತ್ತದೆ ಎಂದು ಯಾರಾದರೂ ಅಂದರೆ ಅವನ ಮುಖ ಅರಳುತ್ತಿತ್ತು.

ಆ ವರ್ಷ ಗುರು ಮುರಿಗೆಪ್ಪಜ್ಜ ಹೊಂಗೆ ಬೀಜದಿಂದ ಬಯೋಡೀಸೆಲ್ ಮಾಡಿಸಿದರು. ದೋಣಿಯ ಡೀಸೆಲ್ಲಿಗೆ ಐದರಲ್ಲೊಂದು ಪಾಲು ಅದನ್ನೇ ಬೆರೆಸು ಎಂದರು. ಚೆನ್ನವೀರ ಬೆರೆಸಿದ. ಮನಸ್ಸು ಮಾತ್ರ ಒಪ್ಪಲಿಲ್ಲ.

ಒಂದು ಬೆಳಿಗ್ಗೆ ಬಂದು ಗುರುಗಳ ಮುಂದೆ ನಿಂತ.

"ಅಜ್ಜಾರೆ, ಎಂಜಿನ್ನು ಸೊರಗಿದೆ. ಸೆಳವಿನಲ್ಲಿ ಮೊದಲಿನ ಎಳೆತವಿಲ್ಲ. ಎಣ್ಣೆಯನ್ನೂ ಸ್ವಲ್ಪ ಹೆಚ್ಚು ಕುಡಿಯುತ್ತದೆ."

"ಕೆಟ್ಟು ನಿಂತಿದೆಯೇನು?"

"ಒಮ್ಮೆ ಫಿಲ್ಟರ್ ಕಟ್ಟಿಕೊಂಡಿತ್ತು. ಟ್ಯಾಂಕಿನ ಹಳೇ ಕೊಳೆಯನ್ನೆಲ್ಲ ಈ ಎಣ್ಣೆ ಕಿತ್ತು ತಂದಿತ್ತು. ಬದಲಿಸಿದ ಮೇಲೆ ನಿಂತಿಲ್ಲ. ಆದರೂ ಆ ಕಸುವು ಹೋಯಿತು. ಬರೀ ಡೀಸೆಲ್ ಹಾಕಲು ಅಪ್ಪಣೆ ಕೊಡಿ."

"ಮೊದಲು ನನ್ನನ್ನು ದಾಟಿಸು" ಎಂದು ಅಜ್ಜ ಎದ್ದರು.

ದಡದಲ್ಲಿ ಭಾಗವ್ವ ಕುಳಿತಿದ್ದಳು. ಮಠದ ತೋಪಿನಲ್ಲಿ ಹೊಂಗೆ ಕಾಯಿ ಆಯುವ ಹೆಂಗಸು. ಅವಳಿಗೆ ಉಬ್ಬಸ. ಆಚೆ ದಡದ ಊರಲ್ಲಿ ಮಗಳು ಹೆತ್ತು ತಿಂಗಳುಗಳೇ ಕಳೆದಿದ್ದವು. ದೋಣಿಯ ಹೊಗೆಗೆ ಹೆದರಿ ಅವಳಿನ್ನೂ ಮೊಮ್ಮಗುವಿನ ಮುಖ ನೋಡಿರಲಿಲ್ಲ.

"ಬಾ ತಾಯಿ, ಹೋಗಿ ಬರೋಣ" ಎಂದರು ಅಜ್ಜ.

ಅವಳನ್ನು ಮುಂದೆ ಕೂರಿಸಿ, ತಾವು ಹಿಂದೆ ಹೊಗೆಕೊಳವೆಯ ಪಕ್ಕ ಕುಳಿತರು. ಭಾಗವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಎಂಜಿನ್ನು ಗುಡುಗುಡು ಎಂದಿತು. ಗಾಳಿ ಹಿಂದಿನಿಂದ ಬೀಸುತ್ತಿತ್ತು. ಅವಳಿಗೆಲ್ಲಿ ದಮ್ಮು ಕಟ್ಟುತ್ತದೋ ಎಂದು ಚೆನ್ನವೀರನಿಗೆ ದಿಗಿಲು. ಅಂದು ಅವನು ಆಚೆ ದಡದ ಕಡೆ ನೋಡಲೇ ಇಲ್ಲ, ಅವಳನ್ನೇ ನೋಡುತ್ತಿದ್ದ.

ನಡುಹೊಳೆಯಲ್ಲಿ ಸೆರಗು ಮೂಗಿನಿಂದ ಜಾರಿತು. ಅವಳು ಅದನ್ನು ಮತ್ತೆ ಎತ್ತಿಕೊಳ್ಳಲಿಲ್ಲ.

ಚೆನ್ನವೀರ ಹೊರಳಿ ನೋಡಿದ. ಹೊಂಗೆ ಎಣ್ಣೆ ಬೆರೆಸುವ ಮೊದಲು ಕರ್ರಗೆ ಉಗುಳುತ್ತಿದ್ದ ಕೊಳವೆಯಿಂದ ಈಗ ತೆಳ್ಳಗಿನ ಹೊಗೆ ಏಳುತ್ತಿತ್ತು. ಇಷ್ಟು ದಿನ ಅವನದನ್ನು ಗಮನಿಸಿಯೇ ಇರಲಿಲ್ಲ.

ದೋಣಿ ದಡ ಮುಟ್ಟಿತು. ಭಾಗವ್ವ ಇಳಿದು ಅವನ ಕೈ ಹಿಡಿದುಕೊಂಡಳು.

"ನಿನ್ನ ಹೊಟ್ಟೆ ತಣ್ಣಗಿರಲಿ, ಮಗನೇ. ಕೂಸಿನ ಮುಖ ನೋಡುವ ಹಾಗೆ ಮಾಡಿದೆ."

"ಈ ಎಣ್ಣೆಯ ಕಾಯಿ ಆಯ್ದವಳು ನೀನೇ ಅಲ್ಲವೇ, ಅವ್ವ" ಎಂದ ಚೆನ್ನವೀರ. ಬಾಗಿ ಅವಳ ಕಾಲು ಮುಟ್ಟಿದ.

ಅವಳು ದಡ ಹತ್ತತೊಡಗಿದಳು. ಚೆನ್ನವೀರ ಅಜ್ಜನ ಕಡೆ ತಿರುಗಿದ.

"ಅಜ್ಜಾರೆ, ನಾಳೆಯೂ ಇದೇ ಎಣ್ಣೆ ಹಾಕುತ್ತೇನೆ. ಒಂದು ಮಾತು ಹೇಳಿ. ಎಂಜಿನ್ನಿನಿಂದ ಹೋದ ಆ ಕಸುವು ಎಲ್ಲಿಗೆ ಹೋಯಿತು?"

ಅಜ್ಜ ಭಾಗವ್ವನ ಕಡೆ ಕೈ ತೋರಿದರು.

"ಅಗೋ, ದಡ ಹತ್ತುತ್ತಿದೆ."