ಚಿಲಿಗೆ ಮೂಡಲ ದಾರಿ

“ಕಸಬರಿಗಿ ಹಿಡಿದ ಕೈಯಿಂದ ವಿಮಾನದ ಟಿಕೆಟ್ ಆಗೂದಿಲ್ಲ,” ಎಂದಿದ್ದರು ವಿಜಯಪುರದ ಟ್ರಾವೆಲ್ ಏಜೆನ್ಸಿಯ ಮಾಲೀಕರು. ಅಲ್ಲೇ ಕಸ ಗುಡಿಸುತ್ತ ತಾನಾಗಿ ಓದು ಕಲಿತವಳು ಗುಮಾಸ್ತೆಯ ಕುರ್ಚಿ ಕೇಳಿದ್ದಕ್ಕೆ ಬಂದ ಉತ್ತರ ಅದು.

ಅಷ್ಟರಲ್ಲಿ ಒಣದ್ರಾಕ್ಷಿ ಸಾವುಕಾರ ಚನಮಲ್ಲಪ್ಪ ಹೆಂಡತಿ ನೀಲಗಂಗವ್ವನೊಡನೆ ಬಂದ. ದಕ್ಷಿಣ ಅಮೆರಿಕದ ಚಿಲಿಗೆ ಹೋಗಬೇಕಂತೆ.

“ಶುಕ್ರವಾರನ ಹೊಂಡಬೇಕು. ಆದ್ರ ಶುಕ್ರವಾರ ಪಶ್ಚಿಮಕ್ಕ ಶೂಲ ಐತಿ. ಆ ದಿಕ್ಕಿಗೆ ಹೊಂಟ್ರ ಕೇಡು!”

ಚಿಲಿ ಇರುವುದೇ ಪಶ್ಚಿಮಕ್ಕೆ. ಬೆವರಿದ ಮಾಲೀಕರು ಕಸಬರಿಗಿ ಹಿಡಿದು ನಿಂತಿದ್ದ ಆಕೆಯತ್ತ ತಿರುಗಿ, “ಇದನ್ನ ಬಗಿಹರಿಸು, ಕುರ್ಚಿ ನಿಂದು,” ಎಂದು ಅಣಕಿಸಿದರು.

ಆಕೆ ಮೇಜಿನ ಮೇಲಿನ ಭೂಗೋಳ ತಿರುಗಿಸಿದಳು. “ಭೂಮಿ ದುಂಡಗೈತ್ರಿ ಸಾವುಕಾರ್ರ. ಬೆಂಗಳೂರಿಂದ ಮೂಡಲಕ್ಕ ಹೊಂಡ್ರಿ. ಸಿಂಗಪುರ, ಸಿಡ್ನಿ, ಸಮುದ್ರ ದಾಟಿದ್ರ ಚಿಲಿ. ಪಶ್ಚಿಮಕ್ಕ ಮಾರಿ ಸೈತ ಮಾಡೂದು ಬ್ಯಾಡ.”

ಸಾವುಕಾರ ಗೋಳದ ಸುತ್ತ ಬೆರಳಾಡಿಸಿದ. “ಎಲಾ ಇವಳ! ನಮ್ಮ ಜೋಯಿಸಗೂ ತಿಳಿದಿಲ್ಲಲ್ಲ!” ಎಂದು ಮೀಸೆ ಕುಣಿಯುವಂತೆ ನಕ್ಕ. ಮಾಲೀಕರು ತಾವೇ ಕುರ್ಚಿ ಎಳೆದುಕೊಟ್ಟರು.

ಆಗ ನೀಲಗಂಗವ್ವ ಮೆಲ್ಲಗೆ ಕೇಳಿದಳು: “ಯವ್ವಾ, ಮೊಣಕಾಲು ನೋಯ್ತಾವ. ನಡುವ ಯಾವುದರ ಊರಾಗ ಇಳಿಸಿ, ಒಂದು ರಾತ್ರಿ ಮಲಗಿಸಿ ಒಯ್ಯೋ ವಿಮಾನ ಇಲ್ಲೇನು?”

ಇತ್ತು. ಆದರೆ ತಡವಾಗುತ್ತದೆಂದು ಸಾವುಕಾರ ಮುನಿದರೆ ಈಗಷ್ಟೇ ಸಿಕ್ಕ ಕುರ್ಚಿ ಹೋದೀತು. “ಇಲ್ಲಬೇ,” ಎಂದುಬಿಟ್ಟಳು.

ಚಿಲಿಯಿಂದ ತಿರುಗಿ ಬಂದ ಮೇಲೆ ನೀಲಗಂಗವ್ವ ಬಾತ ಕಾಲಿಗೆ ಗಂಡನ ಚಪ್ಪಲಿ ಮೆಟ್ಟಿಕೊಂಡು ಏಜೆನ್ಸಿಗೆ ಬಂದಳು. ಹಿಡಿ ದ್ರಾಕ್ಷಿ ಕೊಟ್ಟು, “ಛಲೋ ದಾರಿ ಹುಡುಕಿದಿ ಮಗಳ,” ಎಂದಳು. ನಾಚಿಕೆಯಿಂದ ಆಕೆಗೆ ತಲೆ ಎತ್ತಲಾಗಲಿಲ್ಲ.

ಇಂದು ಆ ಏಜೆನ್ಸಿಯೇ ಆಕೆಯದು. ಅದಕ್ಕೆ ಬೆಲೆ ತೆತ್ತದ್ದು ಮಾತ್ರ ನೀಲಗಂಗವ್ವನ ಕಾಲು.