ದೂರ ಕೂತವಳು

ಹೊಳೆದಂಡೆಯ ಆಶ್ರಮದಲ್ಲಿ ಅಂದು ಕಮಲಾಕ್ಷಿಗೆ ಮಂತ್ರೋಪದೇಶ. ವರ್ಷಗಟ್ಟಲೆ ಕಾದ ದಿನ. ಬೆಳಗ್ಗೆ ಎದ್ದು ನೋಡಿದರೆ ಮುಟ್ಟಾಗಿದ್ದಳು.

ಅದನ್ನು ಬಾಯಿಬಿಟ್ಟು ಹೇಳಲು ನಮ್ಮವರಿಗೆ ನಾಚಿಕೆ. ‘ದೂರ ಆಗಿದ್ದಾಳೆ’ ಅಂತಾರೆ, ಅವಳೇ ಎದ್ದು ಎಲ್ಲಿಗೋ ಹೊರಟುಹೋದ ಹಾಗೆ!

ಹಿರಿಯ ಶಿಷ್ಯ ಅನಂತಯ್ಯ ಅಂಗಳದಾಚೆಯ ಹೊಂಗೆಮರ ತೋರಿಸಿದ. "ಅಲ್ಲಿ ಕೂತ್ಕೋ ತಾಯಿ. ಇನ್ನು ಇಂಥ ಮುಹೂರ್ತ ಮುಂದಿನ ವರ್ಷವೇ."

"ಮುಂದಿನ ವರ್ಷ ಗುರುಗಳು ಇರ್ತಾರೋ, ನಾನು ಇರ್ತೀನೋ, ಯಾರು ಕಂಡೋರು? ನಾನು ಅವರನ್ನೇ ಕೇಳ್ತೀನಿ, ಅನಂತಯ್ಯನೋರೇ."

ಮರದ ಕೆಳಗಿನಿಂದಲೇ ಕೂಗಿದಳು. ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರೂ ತಲೆ ಎತ್ತಿದರು.

"ಗುರುಗಳೇ! ಕಾಶಿ ದೂರ, ಒಪ್ಪಿದೆ. ಮುನಿಸಿಕೊಂಡು ಮಾತು ಬಿಟ್ಟ ನನ್ನಕ್ಕ ಪಕ್ಕದ ಬೀದಿಯಲ್ಲೇ ಇದ್ದಾಳೆ, ಅವಳೂ ದೂರವೇ. ತೀರಿಕೊಂಡ ನಮ್ಮಮ್ಮ ಎಲ್ಲರಿಗಿಂತ ದೂರ. ನಾನು ಮಾತಾಡಿದರೆ ನಿಮಗೆ ಕೇಳಿಸುತ್ತೆ. ನಂದು ಯಾವ ದೂರ?"

ಜಗಲಿಯಲ್ಲಿ ಕೂತಿದ್ದ ಗುರುಗಳು ಅನಂತಯ್ಯನ ಕಡೆ ತಿರುಗಿದರು.

"ಕೇಳ್ತಿದಾಳಲ್ಲಪ್ಪ. ಯಾವ ದೂರ?"

"ಶಾಸ್ತ್ರದ ದೂರ, ಗುರುಗಳೇ."

"ಹೌದೇ? ಹಾಗಾದರೆ ಇಲ್ಲಿಂದಲೇ ಮಂತ್ರ ಕೂಗಿ ಹೇಳಿಬಿಡ್ಲಾ?"

"ಶಿವ ಶಿವಾ! ಊರೆಲ್ಲ ಕೇಳಿಸ್ಕೊಳ್ಳುತ್ತೆ. ಮಂತ್ರ ಕಿವಿಯಲ್ಲೇ ಹೇಳಬೇಕು. ಅದೂ ಶಾಸ್ತ್ರವೇ."

"ಕಿವಿ ಎಲ್ಲಿದೆ?"

ಅನಂತಯ್ಯ ಹೊಂಗೆಯ ಕಡೆ ನೋಡಿದ. "ಮರದ ಕೆಳಗೆ."

ಗುರುಗಳು ತಮ್ಮ ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಜಗಲಿ ಇಳಿದರು. ಮಂಡಿ ನೋವು, ಮೆಲ್ಲಗೆ ನಡೆದರು. ಚಾಪೆಯನ್ನು ಹೊಂಗೆಯ ಕೆಳಗೆ ಹಾಸಿ, ಕಮಲಾಕ್ಷಿಯನ್ನು ಅದರ ಮೇಲೆ ಕೂರಿಸಿದರು. ಅವಳ ತಲೆಯ ಮೇಲೆ ಕೈಯಿಟ್ಟು, ಬಲಗಿವಿಯ ಹತ್ತಿರ ಬಾಗಿ ಮಂತ್ರ ಹೇಳಿದರು.

ಅಷ್ಟು ಹೊತ್ತು ಗಟ್ಟಿಯಾಗಿದ್ದವಳು ಆಗ ಬಿಕ್ಕಿ ಬಿಕ್ಕಿ ಅತ್ತಳು. ಸಂತೋಷಕ್ಕೇ ಅತ್ತಳು.

ಅನಂತಯ್ಯನಿಗೆ ಸಿಟ್ಟು ನೆತ್ತಿಗೇರಿತು. "ಅಯ್ಯೋ, ನೀವೂ ಮೈಲಿಗೆಯಾದಿರಲ್ಲ! ಹೊಳೆಯಲ್ಲಿ ಮುಳುಗಿ ಏಳೋವರೆಗೂ ನೀವು ಆಶ್ರಮದೊಳಗೆ ಕಾಲಿಡೋ ಹಾಗಿಲ್ಲ!"

ಗುರುಗಳು ಅದೇ ಚಾಪೆಯ ತುದಿಯಲ್ಲಿ ಕೂತು ಕಾಲು ಚಾಚಿದರು.

"ನಾನು ಮುಳುಗೋದೂ ಇಲ್ಲ, ಒಳಗೆ ಬರೋದೂ ಇಲ್ಲ. ನಾಳೆಯಿಂದ ಪಾಠ ಇಲ್ಲೇ. ನಿನಗೆ ಸ್ವಲ್ಪ ದೂರ ಆಗುತ್ತೆ ಅನಂತಯ್ಯ, ಬೇಗ ಹೊರಟುಬಿಡು."